ಮೊನ್ನೆ ನೋಡಿದ ಡಾಕ್ಟ್ರು ಇವತ್ತು ಯಾಕಿಲ್ಲ? ಸರ್ಜರಿ ಪಿಜಿಗಳ ‘ಪೋಸ್ಟಿಂಗ್’ ಎಂಬ ಸುತ್ತು

ತಿಂಗಳ ಮೊದಲ ತಾರೀಖು, ಬೆಳಿಗ್ಗೆ ಆರೂವರೆ. ಮೆಡಿಕಲ್ ಕಾಲೇಜು ಆಸ್ಪತ್ರೆಯೊಂದರ ಸರ್ಜರಿ ವಾರ್ಡು. ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತ ತಾಯಿ ಹೊಸದಾಗಿ ಬಂದ ಡಾಕ್ಟರ ಮುಖ ನೋಡುತ್ತಾರೆ, ಅವರ ಕೈಯಲ್ಲಿರುವ ಕೇಸ್ ಶೀಟ್ ನೋಡುತ್ತಾರೆ, ಆಮೇಲೆ ಮೆಲ್ಲಗೆ ಕೇಳುತ್ತಾರೆ:

“ಆ ಕನ್ನಡಕದ ಡಾಕ್ಟ್ರು ಬರಲ್ವಾ? ನಮ್ಮ ಹುಡುಗನ್ನ ಅವರೇ ನೋಡ್ಕೊಂಡಿದ್ದು.”

“ಅವರಿಗೆ ಪೋಸ್ಟಿಂಗ್ ಬದಲಾಯ್ತಮ್ಮ. ಇನ್ಮೇಲೆ ನಾನು ನೋಡ್ತೀನಿ.”

ಅಷ್ಟೇ ಉತ್ತರ. ಪೋಸ್ಟಿಂಗ್ ಅಂದರೆ ಆ ತಾಯಿಗೆ ಗೊತ್ತಿರುವುದು ಮೇಷ್ಟರಿಗೋ ಪೊಲೀಸರಿಗೋ ಆಗುವ ವರ್ಗ. ಹಾಗಾದರೆ ಆ ಡಾಕ್ಟ್ರು ಊರು ಬಿಟ್ಟು ಹೋದರೇ? ಏನಾದರೂ ತಪ್ಪು ಮಾಡಿದರೇ? ಹೊಸಬರಿಗೆ ಮಗನ ಹೊಟ್ಟೆಯೊಳಗೆ ಏನಾಗಿದೆ ಅಂತ ಗೊತ್ತೇ? ಇದನ್ನೆಲ್ಲ ಕೇಳುವಷ್ಟು ಹೊತ್ತು ಅಲ್ಲಿ ಯಾರಿಗೂ ಇರುವುದಿಲ್ಲ. ದೊಡ್ಡಪ್ಪನ ಜೊತೆ ಅಂಥ ವಾರ್ಡಿನಲ್ಲಿ ಹನ್ನೊಂದು ರಾತ್ರಿ ಕಳೆದವನು ನಾನು. ಆಗ ಗೊತ್ತಿರಬೇಕಿತ್ತು ಅನ್ನಿಸಿದ ವಿಷಯಗಳನ್ನು ಇಲ್ಲಿ ಬಿಡಿಸಿ ಹೇಳಲು ನೋಡುತ್ತೇನೆ.

ಬಿಳಿ ಕೋಟಿನೊಳಗೆ ಯಾರ್ಯಾರು?

ನಮ್ಮ ದೇಶದಲ್ಲಿ ಎಂಬಿಬಿಎಸ್ ನಾಲ್ಕೂವರೆ ವರ್ಷದ ಓದು, ಅದಾದ ಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ಆ ವರ್ಷದಲ್ಲಿರುವವರನ್ನು ನಮ್ಮ ಕಡೆ ಇಂದಿಗೂ ‘ಹೌಸ್ ಸರ್ಜನ್’ ಅನ್ನುತ್ತಾರೆ. ಅದು ಮುಗಿದರೆ ಡಾಕ್ಟರಾದಂತೆ, ಆದರೆ ಆಪರೇಷನ್ ಮಾಡುವ ಸರ್ಜನ್ ಆದಂತಲ್ಲ. ಅದಕ್ಕೆ ನೀಟ್-ಪಿಜಿ ಪರೀಕ್ಷೆ ಬರೆದು, ಎಂಎಸ್ ಜನರಲ್ ಸರ್ಜರಿ ಸೀಟು ಪಡೆದು ಮತ್ತೆ ಮೂರು ವರ್ಷ ಕಲಿಯಬೇಕು. ಡಿಎನ್‌ಬಿ ಎಂಬ ಇನ್ನೊಂದು ದಾರಿಯೂ ಇದೆ, ಅದೂ ಮೂರು ವರ್ಷವೇ. ಈ ಮೂರು ವರ್ಷದಲ್ಲಿರುವವರೇ ‘ಪಿಜಿ’ಗಳು. ಕಾಗದದ ಮೇಲೆ ಅವರು ಜೂನಿಯರ್ ರೆಸಿಡೆಂಟ್. ಎಂಎಸ್ ಮುಗಿಸಿ ಅಲ್ಲೇ ಕೆಲಸ ಮಾಡುವವರು ಸೀನಿಯರ್ ರೆಸಿಡೆಂಟ್, ವಾರ್ಡಿನ ಮಾತಿನಲ್ಲಿ ‘ಎಸ್‌ಆರ್’. ಅವರ ಮೇಲೆ ಅಸಿಸ್ಟೆಂಟ್ ಪ್ರೊಫೆಸರ್, ಅಸೋಸಿಯೇಟ್ ಪ್ರೊಫೆಸರ್, ಎಲ್ಲರ ಮೇಲೆ ಯೂನಿಟ್ ಚೀಫ್.

ಜನರಲ್ ಸರ್ಜರಿ ಅಂದಾಗ ‘ಜನರಲ್’ ಎಂಬ ಪದ ಕೇಳಿ ಸಾಮಾನ್ಯ ಕೆಲಸ ಅಂದುಕೊಳ್ಳಬೇಡಿ. ಅಪೆಂಡಿಕ್ಸ್, ಹರ್ನಿಯಾ, ಪಿತ್ತಕೋಶದ ಕಲ್ಲು, ತೂತಾದ ಜಠರ, ಸುತ್ತಿಕೊಂಡ ಕರುಳು, ಥೈರಾಯ್ಡ್ ಗಂಟು, ಸ್ತನದ ಗಡ್ಡೆ, ಶುಗರ್ ಇರುವವರ ಕಾಲಿನ ಹುಣ್ಣು, ಅಪಘಾತದಲ್ಲಿ ಹೊಟ್ಟೆಗೆ ಬಿದ್ದ ಪೆಟ್ಟು, ಇವೆಲ್ಲ ಅವರ ಪಾಲಿನವು. ಮೂಳೆ, ಮೆದುಳು, ಹೃದಯ ಬೇರೆಯವರ ಪಾಲು. ಆದರೆ ರಾತ್ರಿ ಎರಡು ಗಂಟೆಗೆ ಬೈಕಿನಿಂದ ಬಿದ್ದು ಬಂದವನ ದೇಹ ಈ ಪಾಲುಪಟ್ಟಿ ನೋಡಿಕೊಂಡು ಗಾಯಗೊಂಡಿರುವುದಿಲ್ಲ. ಸರ್ಜರಿ ಕಲಿಯುವವರನ್ನು ಬೇರೆ ಬೇರೆ ವಿಭಾಗಗಳಿಗೆ ಕಳಿಸುವುದರ ಮೂಲ ಕಾರಣ ಇದೇ. ಹೀಗೆ ಸರದಿಯ ಮೇಲೆ ಕಳಿಸುವುದಕ್ಕೇ ಇಲ್ಲಿ ‘ಪೋಸ್ಟಿಂಗ್’ ಅನ್ನುತ್ತಾರೆ.

‘ರೆಸಿಡೆಂಟ್’ ಎಂಬ ಪದಕ್ಕೆ ನೂರು ವರ್ಷಕ್ಕೂ ಮೀರಿದ ಹಿನ್ನೆಲೆ ಇದೆ. ಅಮೆರಿಕದ ಬಾಲ್ಟಿಮೋರ್‌ನಲ್ಲಿ 1889ರಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ತೆರೆಯಿತು. ಅಲ್ಲಿ ಸರ್ಜರಿಯ ಮುಖ್ಯಸ್ಥರಾಗಿದ್ದವರು ವಿಲಿಯಂ ಹಾಲ್‌ಸ್ಟೆಡ್. ಜರ್ಮನಿ, ಆಸ್ಟ್ರಿಯಾದ ಆಸ್ಪತ್ರೆಗಳನ್ನು ನೋಡಿ ಬಂದಿದ್ದ ಅವರು ಕಲಿಯುವ ಸರ್ಜನ್‌ಗಳು ಆಸ್ಪತ್ರೆಯಲ್ಲೇ ವಾಸವಿರಬೇಕು, ಹಂತ ಹಂತವಾಗಿ ಹೆಚ್ಚಿನ ಹೊಣೆ ಹೊರಬೇಕು ಎಂಬ ಪದ್ಧತಿ ಕಟ್ಟಿದರು. ಅಲ್ಲೇ ವಾಸಿಸುವವರು, ಅದಕ್ಕೇ ರೆಸಿಡೆಂಟ್. ಇಂದು ಎಲ್ಲರೂ ಆಸ್ಪತ್ರೆಯೊಳಗೇ ಮನೆ ಮಾಡಿಲ್ಲ. ಆದರೂ ಮೊದಲ ವರ್ಷದ ಪಿಜಿಯ ಟೂತ್‌ಬ್ರಷ್ಷು ಹಾಸ್ಟೆಲಿಗಿಂತ ಡ್ಯೂಟಿ ರೂಮಿನಲ್ಲೇ ಹೆಚ್ಚು ದಿನ ಇರುತ್ತದೆ.

ಯೂನಿಟ್ ಎಂಬ ಮನೆ

ಸುತ್ತಾಟ ಅರ್ಥವಾಗಬೇಕಾದರೆ ಮೊದಲು ಮನೆ ಯಾವುದೆಂದು ತಿಳಿಯಬೇಕು. ಮೆಡಿಕಲ್ ಕಾಲೇಜಿನ ಸರ್ಜರಿ ವಿಭಾಗ ಹಲವು ಯೂನಿಟ್‌ಗಳಾಗಿ ಹಂಚಿಹೋಗಿರುತ್ತದೆ. ಒಂದೊಂದು ಯೂನಿಟ್‌ಗೂ ಒಬ್ಬರು ಚೀಫ್, ಅವರ ಕೆಳಗೆ ಒಂದು ತಂಡ, ಗೊತ್ತುಪಡಿಸಿದ ಹಾಸಿಗೆಗಳು, ವಾರದಲ್ಲಿ ಗೊತ್ತುಪಡಿಸಿದ ದಿನಗಳು.

ಒಂದು ಯೂನಿಟ್‌ಗೆ ಸೋಮವಾರ ಒಪಿಡಿ ಮತ್ತು ಅಡ್ಮಿಷನ್ ದಿನ ಎಂದಿಟ್ಟುಕೊಳ್ಳಿ. ಆ ದಿನ ಬೆಳಿಗ್ಗೆಯಿಂದ ಮಾರನೇ ದಿನ ಬೆಳಿಗ್ಗೆಯವರೆಗೆ ಕ್ಯಾಶುವಾಲ್ಟಿಗೆ ಬರುವ ಸರ್ಜರಿ ರೋಗಿಗಳೆಲ್ಲ ಆ ಯೂನಿಟ್‌ನವರು. ಮಂಗಳವಾರ ಆ ಪಾಳಿ ಇನ್ನೊಂದು ಯೂನಿಟ್‌ಗೆ. ಸೋಮವಾರದ ಯೂನಿಟ್‌ಗೆ ಬುಧವಾರವೋ ಗುರುವಾರವೋ ಓಟಿ ದಿನ, ಅಂದರೆ ಮೊದಲೇ ಗೊತ್ತುಮಾಡಿಕೊಂಡ ಆಪರೇಷನ್‌ಗಳ ದಿನ. ದಿನಗಳ ಹೊಂದಾಣಿಕೆ ಕಾಲೇಜಿನಿಂದ ಕಾಲೇಜಿಗೆ ಬೇರೆಯಾಗುತ್ತದೆ, ಒಳಗಿನ ಲೆಕ್ಕ ಮಾತ್ರ ಒಂದೇ: ರೋಗಿ ಸೇರುವುದು ಒಬ್ಬ ಡಾಕ್ಟರಿಗಲ್ಲ, ಒಂದು ಯೂನಿಟ್‌ಗೆ. ಪಿಜಿ ಬದಲಾದರೂ ಯೂನಿಟ್ ಬದಲಾಗುವುದಿಲ್ಲ, ಹೊಣೆ ಹೊತ್ತ ಚೀಫ್ ಬದಲಾಗುವುದಿಲ್ಲ. ವಾರ್ಡಿನಲ್ಲಿ ಆ ತಾಯಿಗೆ ಯಾರಾದರೂ ಈ ಒಂದು ಮಾತು ಹೇಳಿದ್ದರೆ ಅರ್ಧ ಭಯ ಹೋಗುತ್ತಿತ್ತು.

ಮೊದಲ ವರ್ಷದ ಪಿಜಿ ಈ ಮನೆಯ ನೀರು-ನಿಡಿ ನೋಡಿಕೊಳ್ಳುವವರು. ಚೀಫ್ ರೌಂಡ್ಸ್‌ಗೆ ಬರುವ ಮುಂಚೆಯೇ ಅವರು ಪ್ರತಿ ಮಂಚಕ್ಕೂ ಹೋಗಿ ಬಂದಿರಬೇಕು. ಜ್ವರ ಇದೆಯಾ, ನಾಡಿ ಎಷ್ಟು, ರಾತ್ರಿಯಿಡೀ ಮೂತ್ರ ಎಷ್ಟಾಯಿತು, ಹೊಟ್ಟೆಯಿಂದ ಹೊರಗೆ ಬಿಟ್ಟ ಡ್ರೇನ್ ನಳಿಕೆಯ ಚೀಲದಲ್ಲಿ ಎಷ್ಟು ಎಂಎಲ್ ತುಂಬಿದೆ, ಅದರ ಬಣ್ಣ ಏನು. ಬಣ್ಣ ಅಂದರೆ ಇಲ್ಲಿ ಸಣ್ಣ ಮಾತಲ್ಲ. ತಿಳಿ ಹಳದಿ ಬಂದರೆ ಸಮಾಧಾನ. ಕೆಂಪು ಹೆಚ್ಚಾದರೆ ಒಳಗೆಲ್ಲೋ ರಕ್ತ ಜಿನುಗುತ್ತಿದೆಯೋ ಎಂಬ ಅನುಮಾನ. ಪಿತ್ತಕೋಶ ತೆಗೆದ ಮಾರನೇ ದಿನ ಹಸಿರು ಕಂಡರೆ ಪಿತ್ತರಸ ಸೋರುತ್ತಿದೆ ಎಂದರ್ಥ, ಆಗ ಚೀಫ್‌ಗೆ ಕೂಡಲೇ ಫೋನ್ ಹೋಗುತ್ತದೆ. ದೊಡ್ಡಪ್ಪನ ಚೀಲವನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು, ಕಣ್ಣು ಕಿರಿದು ಮಾಡಿ ನೋಡುತ್ತಿದ್ದ ಹುಡುಗಿಯ ಮುಖ ನನಗಿನ್ನೂ ನೆನಪಿದೆ. ಆಕೆ ಏನನ್ನು ಹುಡುಕುತ್ತಿದ್ದಳು ಎಂದು ತಿಳಿದದ್ದು ಬಹಳ ಆಮೇಲೆ.

ಮನೆ ಬಿಟ್ಟು ಸುತ್ತುವುದು

ಮೂರು ವರ್ಷದಲ್ಲಿ ಬಹುಪಾಲು ಕಾಲ ಪಿಜಿ ಜನರಲ್ ಸರ್ಜರಿ ಯೂನಿಟ್‌ಗಳಲ್ಲೇ ಇರುತ್ತಾರೆ. ಒಂದು ಯೂನಿಟ್‌ನಿಂದ ಇನ್ನೊಂದಕ್ಕೆ ಬದಲಾಗುವುದೂ ಉಂಟು. ಒಂದೇ ಕೆಲಸವನ್ನು ಒಬ್ಬೊಬ್ಬ ಚೀಫ್ ಒಂದೊಂದು ಬಗೆಯಲ್ಲಿ ಮಾಡುತ್ತಾರೆ, ಅದನ್ನೂ ನೋಡಬೇಕಲ್ಲ. ಇದರ ನಡುವೆ ಕೆಲವು ವಾರಗಳಿಂದ ಒಂದೆರಡು ತಿಂಗಳ ಮಟ್ಟಿಗೆ ಬೇರೆ ವಿಭಾಗಗಳಿಗೆ ಹೋಗಿ ಬರಬೇಕು. ಅರಿವಳಿಕೆ, ಐಸಿಯು, ಮೂತ್ರಾಂಗ, ನರ, ಮಕ್ಕಳ ಸರ್ಜರಿ, ಪ್ಲಾಸ್ಟಿಕ್ ಸರ್ಜರಿ ಮತ್ತು ಸುಟ್ಟಗಾಯ, ಎದೆ ಮತ್ತು ರಕ್ತನಾಳ, ಕ್ಯಾನ್ಸರ್. ಯಾವುದಕ್ಕೆ ಎಷ್ಟು ದಿನ ಎನ್ನುವುದು ಆಯಾ ಕಾಲೇಜಿನಲ್ಲಿರುವ ವಿಭಾಗಗಳ ಮೇಲೆ ನಿಂತಿದೆ. ತಮ್ಮಲ್ಲಿ ಇಲ್ಲದ ವಿಭಾಗಕ್ಕೆ ಹೊರಗಿನ ಸಂಸ್ಥೆಗೂ ಕಳಿಸುತ್ತಾರೆ.

ಯಕ್ಷಗಾನ ಮೇಳದಲ್ಲಿ ಹೊಸ ಹುಡುಗನಿಗೆ ಮೊದಲ ದಿನವೇ ಕಿರೀಟ ಕಟ್ಟುವುದಿಲ್ಲ. ಕೋಡಂಗಿ, ಬಾಲಗೋಪಾಲ, ಪುಂಡುವೇಷ ಎಂದು ಒಂದೊಂದನ್ನೇ ಹಾಕಿಸಿ, ಮೇಳದ ಎಲ್ಲ ಮೂಲೆಗಳನ್ನೂ ತಿರುಗಿಸಿ, ಆಮೇಲೆ ದೊಡ್ಡ ವೇಷಕ್ಕೆ ತರುತ್ತಾರೆ. ಮುಂದೆ ಆತ ಒಂದೇ ಬಗೆಯ ವೇಷಕ್ಕೆ ನಿಂತರೂ ಎದುರು ಕುಣಿಯುವವನ ಹೆಜ್ಜೆ ಅವನಿಗೆ ಗೊತ್ತಿರುತ್ತದೆ. ಈ ಪೋಸ್ಟಿಂಗ್‌ಗಳ ಉದ್ದೇಶವೂ ಹೆಚ್ಚುಕಡಿಮೆ ಅದೇ.

ಅರಿವಳಿಕೆಯ ಪೋಸ್ಟಿಂಗನ್ನೇ ತೆಗೆದುಕೊಳ್ಳಿ. ಅಲ್ಲಿಯವರೆಗೆ ಪಿಜಿ ನಿಂತದ್ದು ರೋಗಿಯ ಹೊಟ್ಟೆಯ ಪಕ್ಕ, ಹಸಿರು ಪರದೆಯ ಈಚೆ. ಈಗ ತಲೆಯ ಬದಿಗೆ, ಪರದೆಯ ಆಚೆ ಹೋಗುತ್ತಾರೆ. ಪ್ರಜ್ಞೆ ತಪ್ಪಿದವರ ನಾಲಿಗೆ ಹಿಂದಕ್ಕೆ ಬಿದ್ದು ಉಸಿರುದಾರಿ ಮುಚ್ಚುತ್ತದೆ, ದವಡೆಯನ್ನು ಮುಂದಕ್ಕೆ ಎತ್ತಿ ಹಿಡಿದರೆ ತೆರೆಯುತ್ತದೆ. ಪುಸ್ತಕದಲ್ಲಿ ಓದಿದ್ದ ಈ ಒಂದು ವಾಕ್ಯ ಇಲ್ಲಿ ಕೈಗೆ ಇಳಿಯುತ್ತದೆ. ಸರ್ಜನ್ ಕರುಳನ್ನು ಸ್ವಲ್ಪ ಜೋರಾಗಿ ಎಳೆದಾಗ ಮಾನಿಟರಿನಲ್ಲಿ ನಾಡಿ ಇಳಿಯುವುದು ಕಾಣುತ್ತದೆ. ತನ್ನ ಕೈ ಕೆಲಸ ಆ ಕಡೆ ಏನು ಮಾಡುತ್ತದೆ ಎಂದು ಒಮ್ಮೆ ನೋಡಿದವರ ಕೈ ಮುಂದೆ ಹಗುರಾಗುತ್ತದೆ.

ಮೂತ್ರಾಂಗ ವಿಭಾಗದಲ್ಲಿ ಕಲಿಯುವ ಬಹುಮುಖ್ಯ ಪಾಠ ಒಂದು ಸಣ್ಣ ನಳಿಕೆಯದು. ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಇಳಿಯುವ ಮೂತ್ರನಾಳ ಸುಮಾರು 25 ಸೆಂಟಿಮೀಟರ್ ಉದ್ದ, ಅಗಲ ಮೂರು-ನಾಲ್ಕು ಮಿಲಿಮೀಟರ್. ದೊಡ್ಡ ಕರುಳಿನ ಆಪರೇಷನ್‌ಗೂ ಗರ್ಭಕೋಶದ ಆಪರೇಷನ್‌ಗೂ ಅದು ಪಕ್ಕದಲ್ಲೇ ಸಿಗುತ್ತದೆ, ನೋಡಲು ರಕ್ತನಾಳದ ಹಾಗೆಯೇ ಇರುತ್ತದೆ. ತಪ್ಪಿ ಕತ್ತರಿಸಿದರೆ ದೊಡ್ಡ ಅನಾಹುತ. ಗುರುತಿಸುವುದು ಹೇಗೆ? ಚಿಮಟದ ತುದಿಯಿಂದ ಮೆತ್ತಗೆ ಮುಟ್ಟಿ ಕಾಯುತ್ತಾರೆ. ಅಪಧಮನಿಯಾದರೆ ಹೃದಯದ ತಾಳಕ್ಕೆ ಮಿಡಿಯುತ್ತದೆ. ಮೂತ್ರನಾಳವಾದರೆ ಎರೆಹುಳು ಮಿಸುಕಿದ ಹಾಗೆ ಒಂದು ಅಲೆ ಸಾಗುತ್ತದೆ. ಆ ಮಿಸುಕಾಟವನ್ನು ಹತ್ತು ಸಲ ಕಂಡ ಕಣ್ಣು ಹನ್ನೊಂದನೇ ಸಲ, ರಕ್ತದ ಮಧ್ಯೆಯೂ, ಅದನ್ನು ಗುರುತಿಸುತ್ತದೆ.

ಮಕ್ಕಳ ಸರ್ಜರಿಗೆ ಹೋದಾಗ ಅಳತೆಗಳೇ ಬದಲಾಗುತ್ತವೆ. ದೊಡ್ಡವರ ಮೈಯಲ್ಲಿ ಸುಮಾರು ಐದು ಲೀಟರ್ ರಕ್ತ. ಹುಟ್ಟಿದ ಮಗುವಿಗೆ ಕೆಜಿಗೆ ಸುಮಾರು 80 ಎಂಎಲ್, ಮೂರು ಕೆಜಿ ಮಗುವಾದರೆ ಒಟ್ಟು 240 ಎಂಎಲ್. ದೊಡ್ಡ ಲೋಟದ ಹಾಲಿನಷ್ಟು. ದೊಡ್ಡವರ ಆಪರೇಷನ್‌ನಲ್ಲಿ ಲೆಕ್ಕಕ್ಕೇ ಬಾರದ 25 ಎಂಎಲ್ ಇಲ್ಲಿ ಇಡೀ ಮೈಯ ರಕ್ತದ ಹತ್ತನೇ ಒಂದು ಪಾಲು. ಹಾಗಾಗಿ ಒರೆಸಿದ ಬಟ್ಟೆಯ ತುಂಡನ್ನೂ ತೂಗಿ ನೋಡುತ್ತಾರೆ.

ಸುಟ್ಟಗಾಯದ ವಾರ್ಡಿನಲ್ಲಿ ಲೆಕ್ಕ ಇನ್ನೊಂದು ಬಗೆಯದು. ಚರ್ಮ ಹೋದರೆ ಮೈಯ ನೀರು ಸೋರಿಹೋಗುತ್ತದೆ. ಎಷ್ಟು ತುಂಬಬೇಕು ಎಂಬುದಕ್ಕೆ ಪಾರ್ಕ್‌ಲ್ಯಾಂಡ್ ಸೂತ್ರ ಎಂಬುದಿದೆ: ನಾಲ್ಕು ಎಂಎಲ್, ಅದಕ್ಕೆ ತೂಕದ ಕೆಜಿ, ಅದಕ್ಕೆ ಸುಟ್ಟ ಚರ್ಮದ ಶೇಕಡಾ ಪಾಲು ಗುಣಿಸಬೇಕು. 60 ಕೆಜಿಯ ಹೆಂಗಸಿಗೆ ಸ್ಟೌ ಸಿಡಿದು ಶೇ 40ರಷ್ಟು ಮೈ ಸುಟ್ಟಿದ್ದರೆ ಮೊದಲ 24 ಗಂಟೆಯಲ್ಲಿ 9,600 ಎಂಎಲ್. ಅಂದರೆ ಒಂದು ಕೊಡದಷ್ಟು ಡ್ರಿಪ್, ಅದರಲ್ಲಿ ಅರ್ಧ ಮೊದಲ ಎಂಟು ಗಂಟೆಯೊಳಗೇ ಹೋಗಬೇಕು. ಎಂಟು ಗಂಟೆ ಎಣಿಸುವುದು ಆಸ್ಪತ್ರೆಗೆ ಬಂದ ಹೊತ್ತಿನಿಂದಲ್ಲ, ಸುಟ್ಟ ಹೊತ್ತಿನಿಂದ. ಇದು ಶುರುವಿನ ಅಂದಾಜು ಮಾತ್ರ, ಆಮೇಲೆ ಮೂತ್ರದ ಪ್ರಮಾಣ ನೋಡಿ ಹೆಚ್ಚುಕಡಿಮೆ ಮಾಡುತ್ತಾರೆ. ಇದೇ ವಾರ್ಡಿನಲ್ಲಿ ತೊಡೆಯಿಂದ ಈರುಳ್ಳಿ ಪೊರೆಯಷ್ಟು ತೆಳ್ಳಗೆ ಚರ್ಮ ಎತ್ತಿ ಗಾಯದ ಮೇಲೆ ಹಾಸುವುದನ್ನು ಕಲಿಯುತ್ತಾರೆ. ಮುಂದೆ ತಾಲ್ಲೂಕು ಊರಿನಲ್ಲಿ ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ ಇದೇ ಕೈಚಳಕ ಬೇಕಾಗುತ್ತದೆ.

ನರ ವಿಭಾಗದಲ್ಲಿ ತಲೆಗೆ ಪೆಟ್ಟು ಬಿದ್ದವರ ಎಚ್ಚರವನ್ನು 3ರಿಂದ 15ರವರೆಗಿನ ಅಂಕದಲ್ಲಿ ಅಳೆಯುವುದು, ಎದೆ ವಿಭಾಗದಲ್ಲಿ ಪಕ್ಕೆಲುಬುಗಳ ನಡುವೆ ನಳಿಕೆ ಹಾಕಿ ಶ್ವಾಸಕೋಶದ ಸುತ್ತ ಕಟ್ಟಿಕೊಂಡ ಗಾಳಿಯನ್ನೋ ರಕ್ತವನ್ನೋ ಹೊರಗೆ ಬಿಡುವುದು, ಇವೆಲ್ಲ ಅಪಘಾತದ ರಾತ್ರಿಗಳಿಗೆ ತಯಾರಿ.

ಜಿಲ್ಲಾಸ್ಪತ್ರೆಯ ಮೂರು ತಿಂಗಳು

ಕನ್ನಡಕದ ಡಾಕ್ಟ್ರು ನಿಜಕ್ಕೂ ಊರು ಬಿಟ್ಟಿರುವ ಸಾಧ್ಯತೆಯೂ ಇದೆ. 2020ರ ಸೆಪ್ಟೆಂಬರ್‌ನಲ್ಲಿ ಹೊರಬಿದ್ದ ನಿಯಮದ ಪ್ರಕಾರ ದೇಶದ ಎಲ್ಲ ಎಂಡಿ, ಎಂಎಸ್ ವಿದ್ಯಾರ್ಥಿಗಳೂ ಮೂರು ತಿಂಗಳು ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕು. ಇದಕ್ಕೆ ಡಿಸ್ಟ್ರಿಕ್ಟ್ ರೆಸಿಡೆನ್ಸಿ ಪ್ರೋಗ್ರಾಂ, ಚುಟುಕಾಗಿ ಡಿಆರ್‌ಪಿ ಎಂದು ಹೆಸರು. ಮೂರು, ನಾಲ್ಕು ಅಥವಾ ಐದನೇ ಸೆಮಿಸ್ಟರಿನಲ್ಲಿ ಸರದಿಯ ಮೇಲೆ ಕಳಿಸುತ್ತಾರೆ. ಸ್ಟೈಪೆಂಡ್ ಓದುವ ಕಾಲೇಜಿನಿಂದಲೇ ಬರುತ್ತದೆ. ಇದನ್ನು ಸರಿಯಾಗಿ ಮುಗಿಸದಿದ್ದರೆ ಕೊನೆಯ ಪರೀಕ್ಷೆಗೆ ಕೂರುವಂತಿಲ್ಲ.

ಯಾಕೆ ಬೇಕಾಯಿತು? ದೊಡ್ಡ ಆಸ್ಪತ್ರೆಗೆ ಬರುವ ರೋಗಿಗಳು ಎಷ್ಟೋ ಕಡೆ ಸೋಸಿ ಬಂದಿರುತ್ತಾರೆ. ಸ್ಕ್ಯಾನಿಂಗ್ ಪಕ್ಕದಲ್ಲೇ ಇರುತ್ತದೆ, ಕೂಗಿದರೆ ಇನ್ನೊಬ್ಬ ತಜ್ಞರು ಬರುತ್ತಾರೆ. ಅಂಥ ಕಡೆ ಮಾತ್ರ ಕಲಿತವರಿಗೆ ಎಲ್ಲಕ್ಕೂ ಎಲ್ಲವೂ ಸಿಗುತ್ತದೆ ಎಂಬ ಅಭ್ಯಾಸವಾಗಿಬಿಡುತ್ತದೆ. ಜಿಲ್ಲಾಸ್ಪತ್ರೆಯಲ್ಲಿ ಸರ್ಜನ್‌ಗಳು ಬೆರಳೆಣಿಕೆ, ಹೊಟ್ಟೆನೋವಿನವರ ಸಾಲು ಉದ್ದ. 108 ಆಂಬುಲೆನ್ಸ್‌ನಲ್ಲಿ ಬಂದ ಈ ರೋಗಿಯನ್ನು ಇಲ್ಲೇ ಆಪರೇಷನ್ ಮಾಡಬಹುದೇ, ಮೇಲಿನ ಆಸ್ಪತ್ರೆಗೆ ಕಳಿಸಬೇಕೇ, ಕಳಿಸುವುದಾದರೆ ದಾರಿಯ ಎರಡು ಗಂಟೆ ತಡೆದಾನೇ? ಈ ತೀರ್ಮಾನವನ್ನು ಯಾವ ಪಾಠದ ಕೋಣೆಯೂ ಕಲಿಸಲಾರದು. ಜಿಲ್ಲಾಸ್ಪತ್ರೆಗಳಿಗೂ ಮೂರು ತಿಂಗಳಿಗೊಮ್ಮೆ ಹೊಸ ಕೈಗಳು ಸಿಗುತ್ತವೆ. ಪಿಜಿ ಅಲ್ಲಿ ಒಂಟಿಯಲ್ಲ, ಅಲ್ಲಿನ ತಜ್ಞರ ಕೈಕೆಳಗೇ ಕೆಲಸ.

ನಮ್ಮ ರಾಜ್ಯದಲ್ಲಿ ಈ ಎರಡು ಲೋಕಗಳು ಒಂದೇ ಸೂರಿನಡಿ ಸೇರಿದ ಹಳೆಯ ಉದಾಹರಣೆಯೂ ಇದೆ. ಮಂಗಳೂರಿನ ವೆನ್‌ಲಾಕ್ ಆಸ್ಪತ್ರೆ 1848ರಷ್ಟು ಹಳೆಯದು, ಸರ್ಕಾರಿ ಜಿಲ್ಲಾಸ್ಪತ್ರೆ. ಕಸ್ತೂರಬಾ ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಗಳು 1950ರ ದಶಕದಿಂದಲೂ ಅಲ್ಲಿ ಕಲಿಯುತ್ತ ಬಂದಿದ್ದಾರೆ. ಡಿಆರ್‌ಪಿ ಎಂಬ ಹೆಸರು ಹುಟ್ಟುವ ಎಷ್ಟೋ ಮೊದಲೇ ಜಿಲ್ಲಾಸ್ಪತ್ರೆಯ ವಾರ್ಡು ಅಲ್ಲಿ ತರಗತಿಯಾಗಿತ್ತು.

ಚಾಕು ಕೈಗೆ ಬರುವುದು ಯಾವಾಗ?

ರೋಗಿಯ ಮನೆಯವರು ಕೇಳಲು ಹಿಂಜರಿಯುವ ಪ್ರಶ್ನೆ ಇದು: ಕಲಿಯುವವರು ನಮ್ಮವರ ಮೇಲೆ ಕಲಿಯುತ್ತಾರಾ? ಹೌದು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಇಂದಿನ ಹಿರಿಯ ಸರ್ಜನ್ ಪ್ರತಿಯೊಬ್ಬರೂ ಹಾಗೇ ಕಲಿತವರು. ಹೇಗೆ ಕಲಿಯುತ್ತಾರೆ ಎಂಬುದನ್ನು ನೋಡಬೇಕು.

ಮೆಟ್ಟಿಲು ನಾಲ್ಕು. ಮೊದಲು ನೋಡುವುದು. ಆಮೇಲೆ ಸಹಾಯಕ್ಕೆ ನಿಲ್ಲುವುದು, ಅಂದರೆ ಗಾಯದ ಅಂಚನ್ನು ರಿಟ್ರಾಕ್ಟರ್‌ನಿಂದ ಗಂಟೆಗಟ್ಟಲೆ ಎಳೆದು ಹಿಡಿಯುವುದು, ರಕ್ತ ಒರೆಸುವುದು, ದಾರ ಕತ್ತರಿಸುವುದು. ಮೂರನೆಯದು ಹಿರಿಯರು ಎದುರು ನಿಂತಿರುವಾಗ ತಾನು ಮಾಡುವುದು. ಕೊನೆಯದು ಸ್ವತಂತ್ರವಾಗಿ ಮಾಡುವುದು. ಯಾವ ಆಪರೇಷನ್‌ನಲ್ಲಿ ಯಾವ ಮೆಟ್ಟಿಲಲ್ಲಿದ್ದೆ ಎಂಬುದನ್ನು ಪಿಜಿ ಲಾಗ್‌ಬುಕ್‌ನಲ್ಲಿ ಬರೆಯಬೇಕು, ಮೇಷ್ಟರು ಸಹಿ ಮಾಡಬೇಕು. ಒಂದೇ ಆಪರೇಷನ್ನೂ ತುಂಡು ತುಂಡಾಗಿ ಕೈಗೆ ಬರುತ್ತದೆ. ಅಪೆಂಡಿಕ್ಸ್ ಅಂದರೆ ಮೊದಲ ಹತ್ತು ಸಲ ಚರ್ಮ ಹೊಲಿಯುವುದಷ್ಟೇ, ಆಮೇಲೆ ಹೊಟ್ಟೆಯ ಪದರಗಳನ್ನು ತೆರೆಯುವುದು, ಆಮೇಲೆ ಅಪೆಂಡಿಕ್ಸ್‌ನ ಬುಡ ಕಟ್ಟುವುದು. ಕೀವಿನ ಗಡ್ಡೆ, ಹೈಡ್ರೋಸೀಲ್, ಹರ್ನಿಯಾ ದಾಟಿ ಕರುಳು ಜೋಡಿಸುವ ಹೊತ್ತಿಗೆ ಸಾಮಾನ್ಯವಾಗಿ ಕೊನೆಯ ವರ್ಷ ಬಂದಿರುತ್ತದೆ.

ರೋಗಿಯ ಹೊರಗೂ ಅಭ್ಯಾಸ ನಡೆಯುತ್ತಲೇ ಇರುತ್ತದೆ. ದೊಡ್ಡಪ್ಪ ಮಲಗಿದ್ದ ವಾರ್ಡಿನಲ್ಲಿ ನರ್ಸ್ ಮೇಜಿನ ಪಕ್ಕದ ಕಬ್ಬಿಣದ ಸರಳಿಗೆ ಸದಾ ಐವತ್ತು ಅರವತ್ತು ಕಪ್ಪು ದಾರದ ಗಂಟುಗಳು. ಫೋನ್ ಕಿವಿಗಿಟ್ಟುಕೊಂಡು ಲ್ಯಾಬ್ ರಿಪೋರ್ಟ್ ಕೇಳುತ್ತಲೇ ಪಿಜಿಗಳು ಒಂದು ಕೈಯಲ್ಲಿ ಗಂಟು ಹಾಕುತ್ತಿದ್ದರು. ಎರಡು ಸುತ್ತನ್ನೂ ಒಂದೇ ದಿಕ್ಕಿಗೆ ಹಾಕಿದರೆ ಗಂಟು ಜಾರುತ್ತದೆ, ಎದುರುಬದುರು ಹಾಕಿದರೆ ಕೂರುತ್ತದೆ. ಬಿಗಿ ಸಾಲದಿದ್ದರೆ ರಕ್ತ ಸೋರುತ್ತದೆ, ಹೆಚ್ಚಾದರೆ ಹೊಲಿದ ಅಂಚಿಗೆ ರಕ್ತವೇ ಹೋಗದೆ ಅದು ಸಾಯುತ್ತದೆ. ಲ್ಯಾಪ್ರೋಸ್ಕೋಪಿಗೆ ಬೇರೆಯೇ ಕಸರತ್ತು: ಉದ್ದನೆಯ ಉಪಕರಣ ಹೊಟ್ಟೆಯ ಸಣ್ಣ ತೂತಿನ ಮೂಲಕ ಹೋಗುವುದರಿಂದ ಕೈ ಎಡಕ್ಕೆ ಹೋದರೆ ತುದಿ ಬಲಕ್ಕೆ ಹೋಗುತ್ತದೆ. ಡಬ್ಬಿಯೊಳಗೆ ಕ್ಯಾಮೆರಾ ಇಟ್ಟು, ಪರದೆ ನೋಡುತ್ತ ಕಾಳು ಎತ್ತಿ ಇಡುವ ಅಭ್ಯಾಸದಿಂದ ಮೆದುಳು ಈ ತಿರುವುಮುರುವಿಗೆ ಒಗ್ಗುತ್ತದೆ.

ಕೈ ಬದಲಾಗುವ ಹೊತ್ತು

ಸುತ್ತುವುದರಿಂದ ಕಲಿಕೆ ಆಗುತ್ತದೆ, ಸರಿ. ಆದರೆ ಪ್ರತಿ ಬದಲಾವಣೆಯಲ್ಲೂ ರೋಗಿಯ ಕಥೆ ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ದಾಟಬೇಕು. ಅಪಾಯ ಇರುವುದು ಈ ದಾಟುವಿಕೆಯಲ್ಲಿ. ದೊಡ್ಡಪ್ಪನಿಗೆ ಪೆನಿಸಿಲಿನ್ ಆಗುವುದಿಲ್ಲ. ದಾಖಲಾದ ದಿನವೇ ಅದನ್ನು ಕೇಸ್ ಶೀಟಿನಲ್ಲಿ ಬರೆಸಿದ್ದೆವು. ಪಿಜಿ ಬದಲಾದ ದಿನ ಹೊಸ ಆ್ಯಂಟಿಬಯಾಟಿಕ್ ಬರೆದಾಗ ಆ ಪುಟ ಎಲ್ಲೋ ಹಿಂದೆ ಸರಿದಿತ್ತು. ಸಿರಿಂಜು ಕೈಯಲ್ಲಿ ಹಿಡಿದ ನರ್ಸ್ “ಯಾವುದಾದ್ರೂ ಔಷಧಿ ಆಗಲ್ವಾ ಅಜ್ಜಾ?” ಎಂದು ಕೇಳಿದರು, ದೊಡ್ಡಮ್ಮ ಥಟ್ಟನೆ ಹೇಳಿದರು, ಇಂಜೆಕ್ಷನ್ ನಿಂತಿತು. ಏನೂ ಆಗಲಿಲ್ಲ. ಆದರೂ ಆ ಅರ್ಧ ನಿಮಿಷ ನೆನೆದರೆ ಇಂದಿಗೂ ಎದೆ ಧಸಕ್ಕೆನ್ನುತ್ತದೆ.

ಇದು ಎಲ್ಲ ದೇಶಗಳ ಸಮಸ್ಯೆ. ಇಂಗ್ಲೆಂಡಿನಲ್ಲಿ ಕಿರಿಯ ವೈದ್ಯರೆಲ್ಲ ಆಗಸ್ಟ್ ತಿಂಗಳ ಮೊದಲ ಬುಧವಾರ ಒಟ್ಟಿಗೆ ಬದಲಾಗುತ್ತಾರೆ. ಅದರ ಹಿಂದಿನ ಬುಧವಾರಕ್ಕೆ ಹೋಲಿಸಿದರೆ ಅಂದು ತುರ್ತಾಗಿ ದಾಖಲಾದವರಲ್ಲಿ ಸಾವಿನ ಸಂಭವ ಶೇ 6ರಷ್ಟು ಹೆಚ್ಚಿತ್ತು ಎಂದು 2009ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಕೆಲಸ ಶುರುಮಾಡುವ ಹೊಸ ವೈದ್ಯರು ಕೆಲವು ದಿನ ಮೊದಲೇ ಬಂದು ಹಳಬರ ಬೆನ್ನ ಹಿಂದೆ ನಿಂತು ನೋಡಬೇಕು ಎಂಬ ನಿಯಮ 2012ರಲ್ಲಿ ಬಂತು.

ಅಮೆರಿಕ, ಕೆನಡಾದ ಒಂಬತ್ತು ಆಸ್ಪತ್ರೆಗಳ ಮಕ್ಕಳ ವಾರ್ಡುಗಳಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಡ್ಯೂಟಿ ಒಪ್ಪಿಸುವಾಗ ಬಾಯಿಗೆ ಬಂದಂತೆ ಹೇಳುವ ಬದಲು ಒಂದು ಕ್ರಮ ಹಾಕಿಕೊಟ್ಟರು: ರೋಗಿ ಎಷ್ಟು ಸೀರಿಯಸ್, ಇದುವರೆಗಿನ ಕಥೆ ಏನು, ಏನೇನು ಮಾಡಬೇಕು, ಹೀಗಾದರೆ ಏನು ಮಾಡಬೇಕು. ಕೊನೆಗೆ ಕೇಳಿಸಿಕೊಂಡವರು ಎಲ್ಲವನ್ನೂ ಮರಳಿ ಹೇಳಿ ತೋರಿಸಬೇಕು, ಸಾಮಾನು ಬರೆದುಕೊಂಡ ಅಂಗಡಿಯವರು ಚೀಟಿ ಓದಿ ಹೇಳುವ ಹಾಗೆ. 2014ರಲ್ಲಿ ಬಂದ ಫಲಿತಾಂಶದ ಪ್ರಕಾರ ಚಿಕಿತ್ಸೆಯಲ್ಲಾಗುವ ತಪ್ಪುಗಳು ಶೇ 23ರಷ್ಟು ಇಳಿದವು. ಹೊಸ ಯಂತ್ರ ಬೇಕಾಗಲಿಲ್ಲ, ಹೊಸ ಔಷಧಿ ಬೇಕಾಗಲಿಲ್ಲ.

ನಿದ್ದೆಯ ಲೆಕ್ಕ

ಅಡ್ಮಿಷನ್ ದಿನ ಬೆಳಿಗ್ಗೆ ಬಂದ ಪಿಜಿ ರಾತ್ರಿಯಿಡೀ ಕ್ಯಾಶುವಾಲ್ಟಿ, ತುರ್ತು ಆಪರೇಷನ್ ನೋಡಿ, ಮಾರನೇ ದಿನದ ರೌಂಡ್ಸ್ ಮುಗಿಸಿ ಹೊರಡುವಾಗ ಎಷ್ಟೋ ಸಲ 30-36 ಗಂಟೆ ಆಗಿರುತ್ತದೆ. ರೆಸಿಡೆಂಟ್‌ಗಳ ನಿರಂತರ ಕೆಲಸ ಸಾಮಾನ್ಯವಾಗಿ ದಿನಕ್ಕೆ 12 ಗಂಟೆ ಮೀರಬಾರದು, ಸರದಿಯಲ್ಲಿ ವಾರಕ್ಕೊಂದು ರಜೆ ಇರಬೇಕು ಎಂದು ಕೇಂದ್ರ ಸರ್ಕಾರ 1992ರಲ್ಲೇ ಹೇಳಿತ್ತು. ಕೋಲ್ಕತ್ತದ ಆರ್.ಜಿ. ಕರ್ ಕಾಲೇಜಿನಲ್ಲಿ 2024ರ ಆಗಸ್ಟ್‌ನಲ್ಲಿ ರಾತ್ರಿ ಡ್ಯೂಟಿಯಲ್ಲಿದ್ದ ಪಿಜಿ ವೈದ್ಯೆಯ ಮೇಲೆ ಅತ್ಯಾಚಾರ ನಡೆದು ಕೊಲೆಯಾದ ಮೇಲೆ ಈ ದೀರ್ಘ ಪಾಳಿಗಳ ಮಾತು ಮನೆಮನೆಗೆ ಬಂತು. ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ ಅದೇ ವರ್ಷ ವಾರಕ್ಕೆ 74 ಗಂಟೆಯ ಮಿತಿ ಶಿಫಾರಸು ಮಾಡಿತು. ಜಾರಿಯಲ್ಲಿರುವ ನಿಯಮದಲ್ಲಿ ಇರುವುದು ‘ಸಮಂಜಸವಾದ’ ಕೆಲಸದ ಗಂಟೆಗಳು ಎಂಬ ಮಾತು ಮತ್ತು ವರ್ಷಕ್ಕೆ ಕನಿಷ್ಠ 20 ದಿನದ ಸಂಬಳಸಹಿತ ರಜೆ.

ಗಂಟೆ ಕಡಿಮೆ ಮಾಡಿದರೆ ಎಲ್ಲ ಸರಿಹೋಗುತ್ತದೆಯೇ? ಪಾಳಿ ಚಿಕ್ಕದಾದಷ್ಟೂ ಕೈ ಬದಲಾಗುವುದು ಹೆಚ್ಚುತ್ತದೆ, ಅದೇ ತೊಡಕು. ಅಮೆರಿಕದಲ್ಲಿ 2003ರಿಂದ ವಾರಕ್ಕೆ ಸರಾಸರಿ 80 ಗಂಟೆಯ ಮಿತಿ ಇದೆ. ಅಲ್ಲಿನ 117 ಜನರಲ್ ಸರ್ಜರಿ ತರಬೇತಿ ಕೇಂದ್ರಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಪಾಳಿಯ ಉದ್ದದ ಮೇಲೆ ಬಿಗಿ ನಿಯಮ, ಇನ್ನೊಂದಕ್ಕೆ 80 ಗಂಟೆಯೊಳಗೆ ಸಡಿಲಿಕೆ ಕೊಟ್ಟು ನೋಡಿದರು. 2016ರ ವರದಿಯಂತೆ ರೋಗಿಗಳ ಸಾವು ಮತ್ತು ಗಂಭೀರ ತೊಂದರೆಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಸಡಿಲ ಗುಂಪಿನವರಿಗೆ ರೋಗಿಯನ್ನು ಕೊನೆತನಕ ನೋಡಿದ ತೃಪ್ತಿ ಹೆಚ್ಚಿತ್ತು, ಮನೆಮಂದಿಗೆ ಸಮಯ ಸಿಗದ ಕೊರಗೂ ಹೆಚ್ಚಿತ್ತು. ಅಲ್ಲಿಯ ತರಬೇತಿ ಐದು ವರ್ಷ, ಅಷ್ಟರಲ್ಲಿ ಕನಿಷ್ಠ 850 ಆಪರೇಷನ್ ದಾಖಲಾಗಬೇಕು. ಇಲ್ಲಿ ಎಂಎಸ್ ಮುಗಿಸಿ ಅಲ್ಲಿಗೆ ಹೋದ ನಮ್ಮ ಹುಡುಗರೂ ಸಾಮಾನ್ಯವಾಗಿ ಅಷ್ಟನ್ನೂ ಮೊದಲಿಂದ ಮಾಡಬೇಕಾಗುತ್ತದೆ.

ಮನೆಯವರು ತಿಳಿದಿರಬೇಕಾದ್ದು

ದಾಖಲಾದ ದಿನವೇ ಯೂನಿಟ್ ಯಾವುದು, ಚೀಫ್ ಯಾರು ಎಂದು ಕೇಳಿ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಆಗದ ಔಷಧಿ, ಮೊದಲಿನಿಂದ ನುಂಗುತ್ತಿರುವ ಮಾತ್ರೆ, ಹಿಂದಿನ ಆಪರೇಷನ್ ಇವೂ ಅದೇ ಚೀಟಿಯಲ್ಲಿರಲಿ. ಹೊಸ ಮುಖ ಕಂಡಾಗಲೆಲ್ಲ, ಅವರು ಕೇಳಲಿ ಬಿಡಲಿ, ತೋರಿಸಿ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆ “ಆಪರೇಷನ್ ಯಾರು ಮಾಡ್ತಾರೆ, ದೊಡ್ಡ ಡಾಕ್ಟ್ರು ಜೊತೆಗಿರ್ತಾರಾ?” ಎಂದು ಕೇಳುವುದು ಅಧಿಕಪ್ರಸಂಗವಲ್ಲ, ರೋಗಿಯ ಹಕ್ಕು.

ಡಿಸ್ಚಾರ್ಜ್ ಆಗುವಾಗ ಕೊಡುವ ಹಾಳೆಯಲ್ಲಿ ಯೂನಿಟ್‌ನ ಹೆಸರು, ಮತ್ತೆ ಬರಬೇಕಾದ ದಿನ ಇವೆಯೇ ನೋಡಿಕೊಳ್ಳಿ. ಹೊಲಿಗೆ ಬಿಚ್ಚಿಸಲು ನಿಮ್ಮ ಯೂನಿಟ್‌ನ ಒಪಿಡಿ ದಿನವೇ ಹೋಗಿ. ಸೋಮವಾರದವರು ಗುರುವಾರ ಹೋದರೆ ಅಲ್ಲಿ ಕೂತಿರುವುದು ಬೇರೆ ಯೂನಿಟ್. ನಿಮ್ಮ ದಿನ ಹೋದರೆ ಪಿಜಿ ಹೊಸಬರಾಗಿದ್ದರೂ ಆ ಹೊಟ್ಟೆಯ ಒಳಗನ್ನು ಕಂಡ ಒಬ್ಬರಾದರೂ ಅದೇ ಕೋಣೆಯಲ್ಲೋ ಪಕ್ಕದ ಕೋಣೆಯಲ್ಲೋ ಸಿಗುವ ಸಂಭವ ಹೆಚ್ಚು.